ಸಾಲ್ವರ್ ರಾತ್ರಿಯಿಡೀ ಓಡಿದರೂ ಮುಗಿಯುತ್ತಿಲ್ಲ: ದುಬಾರಿ ತಂತ್ರಾಂಶ ಕೊಳ್ಳಬೇಕಾ?

ಓದುಗರ ಪ್ರಶ್ನೆ:

"ರಾಣೆಬೆನ್ನೂರಿನ ಹತ್ತಿರ ನಮ್ಮದೊಂದು ಸಣ್ಣ ಪಶು ಆಹಾರದ ಮಿಲ್ ಇದೆ. ಎರಡು ಕೆಲಸಕ್ಕೆ ಕಂಪ್ಯೂಟರ್ ಲೆಕ್ಕ ಬಳಸುತ್ತೇವೆ. ಒಂದು, ಗೋವಿನಜೋಳ, ತೌಡು, ಹಿಂಡಿ ಎಷ್ಟೆಷ್ಟು ಹಾಕಿದರೆ ಕಡಿಮೆ ಖರ್ಚಿನಲ್ಲಿ ಮಿಶ್ರಣ ಆಗುತ್ತದೆ ಎಂಬುದು. ಇದನ್ನು, ಷರತ್ತುಗಳನ್ನು ಕೊಟ್ಟರೆ ಅತ್ಯುತ್ತಮ ಉತ್ತರ ಹುಡುಕಿಕೊಡುವ ಎಕ್ಸೆಲ್‌ನ ಸಾಲ್ವರ್‌ನಲ್ಲಿ ಮಾಡುತ್ತೇವೆ. ಗೋವಿನಜೋಳದ ದರ ಕೆಜಿಗೆ ಮೂರು ರೂಪಾಯಿ ಏರಿದರೂ ಮಿಶ್ರಣ ಒಂದು ಚೂರೂ ಬದಲಾಗಲಿಲ್ಲ. ಇನ್ನೊಂದು ವಾರ ಹಿಂಡಿಯ ದರ ಐವತ್ತು ಪೈಸೆ ಬದಲಾಗಿದ್ದಕ್ಕೆ ಇಡೀ ಮಿಶ್ರಣ ತಲೆಕೆಳಗಾಯಿತು. ಸಾಲದ್ದಕ್ಕೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಉತ್ತರ, ಆಫೀಸಿನ ಕಂಪ್ಯೂಟರ್‌ನಲ್ಲಿ ಇನ್ನೊಂದು.

ಎರಡನೆಯದು ಲಾರಿ. ವಾರಕ್ಕೊಂದು ಸಲ 42 ಡೀಲರ್‌ಗಳಿಗೆ ಬಾಡಿಗೆ ಲಾರಿಗಳಲ್ಲಿ ಚೀಲ ಕಳಿಸುತ್ತೇವೆ. ಅಕ್ಕನ ಮಗ ಪೈಥಾನ್‌ನಲ್ಲಿ ಪಲ್ಪ್ ಎಂಬ ಸಲಕರಣೆ ಬಳಸಿ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದಾನೆ. ಹತ್ತು ಡೀಲರ್‌ಗಳಿದ್ದಾಗ ಬೇಗ ಮುಗಿಯುತ್ತಿತ್ತು. 42 ಹಾಕಿದರೆ ರಾತ್ರಿಯಿಡೀ ಓಡಿ, ಬೆಳಿಗ್ಗೆ 'ಗ್ಯಾಪ್ 7%' ಅನ್ನುತ್ತದೆ. ಅಂದರೆ ಉತ್ತರ ಶೇ 7ರಷ್ಟು ತಪ್ಪು ಅಂತಲಾ? ಒಬ್ಬರು ದುಬಾರಿ ಸಾಲ್ವರ್ ಲೈಸೆನ್ಸ್ ತಗೊಳ್ಳಿ ಅನ್ನುತ್ತಾರೆ. ಇನ್ನೊಬ್ಬರು ತಮ್ಮ 'ಎಐ' ತಂತ್ರಾಂಶ ಮಾರಲು ಬಂದಿದ್ದಾರೆ. ಅಕ್ಕನ ಮಗನಿಗೆ ಕಾಲೇಜಿನಿಂದ ಉಚಿತ ಲೈಸೆನ್ಸ್ ಸಿಗುತ್ತದಂತೆ. ಏನು ಮಾಡಲಿ? ಶೀಟ್, ಕೋಡ್, ಪ್ರೋಗ್ರಾಂ ಓಡುವಾಗ ಬರೆದಿಟ್ಟ ಲಾಗ್ ಎಲ್ಲ ಕಳಿಸಿದ್ದೇನೆ."

ಉತ್ತರ:

ದುಡ್ಡಿನ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಈಗಲೇ ಏನನ್ನೂ ಕೊಳ್ಳಬೇಡಿ. ನಿಮ್ಮ ಶೀಟು, ಕೋಡು ಎರಡನ್ನೂ ನೋಡಿದೆ. ಸಾಲ್ವರ್ ಬದಲಿಸುವ ಮೊದಲು ಅದಕ್ಕೆ ಲೆಕ್ಕವನ್ನು ಹೇಳಿರುವ ರೀತಿಯನ್ನು ಬದಲಿಸಬೇಕಿದೆ. ಅದಕ್ಕೆ ಕಾಸು ಖರ್ಚಿಲ್ಲ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆತಂಕಗಳಿವೆ. ಮಿಶ್ರಣದ ವಿಷಯದಲ್ಲಿ ಉತ್ತರ ಬರುತ್ತಿದೆ, ಅದನ್ನು ನಂಬಬಹುದಾ ಅನ್ನುವ ಅನುಮಾನ. ಲಾರಿಯ ವಿಷಯದಲ್ಲಿ ಲೆಕ್ಕ ಮುಗಿಯುವುದೇ ಇಲ್ಲವಲ್ಲ ಅನ್ನುವ ಚಿಂತೆ. ಇವೆರಡೂ ಒಂದೇ ಜಾತಿಯ ಲೆಕ್ಕಗಳಲ್ಲ. ಮಿಶ್ರಣದ್ದು ಲೀನಿಯರ್ ಪ್ರೋಗ್ರಾಮಿಂಗ್, ಅಂದರೆ ಖರ್ಚೂ ಷರತ್ತುಗಳೂ ಬರೀ ಗುಣಿಸಿ ಕೂಡುವುದರಲ್ಲೇ ಮುಗಿಯುವ ಲೆಕ್ಕ, ಸುಲಭದ್ದು. ಲಾರಿಯದು ಪೂರ್ಣಸಂಖ್ಯೆಗಳ ಲೆಕ್ಕ, ಅರ್ಧ ಲಾರಿ ಕಳಿಸಲು ಆಗುವುದಿಲ್ಲವಲ್ಲ. ಅದು ನಿಜಕ್ಕೂ ಕಷ್ಟದ್ದು.

ಮಿಶ್ರಣ ಯಾಕೆ ಬದಲಾಗಲಿಲ್ಲ?

ನಿಮ್ಮ ಶೀಟಿನಲ್ಲಿ ತುಂಬಾ ಪದಾರ್ಥಗಳಿವೆ. ನಾನು ಮೂರನ್ನೇ ಇಟ್ಟುಕೊಂಡು ತೋರಿಸುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಗೋವಿನಜೋಳ ಕೆಜಿಗೆ 24 ರೂ., ಪ್ರೋಟೀನ್ ಶೇ 9, ನಾರು ಶೇ 2. ಎಣ್ಣೆ ತೆಗೆದ ತೌಡು 16 ರೂ., ಪ್ರೋಟೀನ್ ಶೇ 15, ನಾರು ಶೇ 14. ಸೋಯಾ ಹಿಂಡಿ 42 ರೂ., ಪ್ರೋಟೀನ್ ಶೇ 46, ನಾರು ಶೇ 6. ಒಂದು ಕ್ವಿಂಟಲ್ ಮಿಶ್ರಣ ಬೇಕು. ಪ್ರೋಟೀನ್ ಶೇ 20ಕ್ಕಿಂತ ಕಡಿಮೆ ಆಗಬಾರದು, ನಾರು ಶೇ 10 ದಾಟಬಾರದು.

ಸಾಲ್ವರ್ ಕೊಡುವ ಉತ್ತರ ಇದು: ಜೋಳ 20 ಕೆಜಿ, ತೌಡು 60 ಕೆಜಿ, ಸೋಯಾ 20 ಕೆಜಿ. ಖರ್ಚು 2,280 ರೂ. ಕೈಯಲ್ಲೇ ತಾಳೆ ಹಾಕಿ ನೋಡಿ. ಪ್ರೋಟೀನ್ 1.8, 9 ಮತ್ತು 9.2 ಸೇರಿ 20 ಕೆಜಿ. ನಾರು 0.4, 8.4 ಮತ್ತು 1.2 ಸೇರಿ 10 ಕೆಜಿ. ಎರಡು ಷರತ್ತುಗಳೂ ಸರಿಯಾಗಿ ಅಂಚಿಗೆ ಬಂದು ನಿಂತಿವೆ.

ಈಗ ಜೋಳದ ದರವನ್ನು 27 ಮಾಡಿ. ಮಿಶ್ರಣ ಹಾಗೇ ಇರುತ್ತದೆ. ಖರ್ಚು ಮಾತ್ರ 60 ರೂಪಾಯಿ ಏರುತ್ತದೆ. 30 ಮಾಡಿದರೂ ಅಷ್ಟೇ, 20ಕ್ಕೆ ಇಳಿಸಿದರೂ ಅಷ್ಟೇ. ಈ ಲೆಕ್ಕದಲ್ಲಿ ಜೋಳದ ದರ ಸುಮಾರು 11 ರೂಪಾಯಿಯಿಂದ 55 ರೂಪಾಯಿವರೆಗೆ ಎಲ್ಲಿದ್ದರೂ 20-60-20 ಮಿಶ್ರಣವೇ ಅಗ್ಗದ್ದು. ಯಾಕೆಂದರೆ ಆ ಮೂರು ಅಂಕಿಗಳನ್ನು ನಿರ್ಧರಿಸಿದ್ದು ದರವಲ್ಲ. ಒಟ್ಟು ತೂಕ, ಪ್ರೋಟೀನ್, ನಾರು ಎಂಬ ಮೂರು ಷರತ್ತುಗಳು ಕೂಡಿದ ಮೂಲೆಯದು. ಲೀನಿಯರ್ ಲೆಕ್ಕದಲ್ಲಿ ಉತ್ತಮ ಉತ್ತರ ಯಾವಾಗಲೂ ಇಂಥದೊಂದು ಮೂಲೆಯಲ್ಲಿ ಸಿಗುತ್ತದೆ. ಯಾವ ಮೂಲೆ ಎಂಬುದನ್ನು ಮಾತ್ರ ದರ ಹೇಳುತ್ತದೆ. ಗಡಿ ದಾಟುವವರೆಗೆ ಉತ್ತರ ಅಲ್ಲಾಡುವುದಿಲ್ಲ. ದಾಟಿದ ಕೂಡಲೇ ಪಕ್ಕದ ಮೂಲೆಗೆ ಹಾರುತ್ತದೆ. ಐವತ್ತು ಪೈಸೆಗೆ ಎಲ್ಲ ತಲೆಕೆಳಗಾದದ್ದೂ ಇದೇ ಕಾರಣಕ್ಕೆ. ಆ ವಾರ ಹಿಂಡಿಯ ದರ ಗಡಿಯ ಪಕ್ಕದಲ್ಲೇ ಕೂತಿತ್ತು.

ಹೀಗೆ ಹಾರಿದಾಗ ಗಾಬರಿಯಾಗಬೇಡಿ, ಆದರೆ ಕಣ್ಣು ಮುಚ್ಚಿ ಒಪ್ಪಲೂ ಬೇಡಿ. ಗಡಿಯ ಹತ್ತಿರ ಹಳೆಯ ಮಿಶ್ರಣಕ್ಕೂ ಹೊಸದಕ್ಕೂ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಹೊಸ ದರದಲ್ಲಿ ಹಳೆಯ ಮಿಶ್ರಣಕ್ಕೆ ಎಷ್ಟಾಗುತ್ತದೆ ಅಂತ ಒಂದು ಸೆಲ್‌ನಲ್ಲಿ ಲೆಕ್ಕ ಹಾಕಿಡಿ. ಕ್ವಿಂಟಲ್‌ಗೆ ಮೂರು ನಾಲ್ಕು ರೂಪಾಯಿ ಮಾತ್ರ ಉಳಿಯುವುದಾದರೆ ಹಳೆಯದನ್ನೇ ಮುಂದುವರಿಸಿ. ದನಗಳಿಗೆ ಆಹಾರ ದಿಢೀರನೆ ಬದಲಾದರೆ ಹೊಂದುವುದಿಲ್ಲ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಸಾಲ್ವರ್‌ಗೆ ಅದು ಗೊತ್ತಿಲ್ಲ, ನೀವು ಹೇಳಿಲ್ಲವಲ್ಲ. ಬೇಕಿದ್ದರೆ 'ಯಾವ ಪದಾರ್ಥವೂ ಹೋದ ವಾರಕ್ಕಿಂತ 5 ಕೆಜಿಗಿಂತ ಜಾಸ್ತಿ ಬದಲಾಗಬಾರದು' ಅಂತ ಒಂದು ಷರತ್ತು ಸೇರಿಸಿ.

ಎರಡು ಕಂಪ್ಯೂಟರ್‌ಗಳಲ್ಲಿ ಎರಡು ಉತ್ತರ ಬರುವುದಕ್ಕೆ ನಿಮ್ಮ ಶೀಟಿನಲ್ಲೇ ಕಾರಣ ಇದೆ. ಎಕ್ಸೆಲ್ ಸಾಲ್ವರ್‌ನಲ್ಲಿ ಮೂರು ವಿಧಾನಗಳಿವೆ: ಸಿಂಪ್ಲೆಕ್ಸ್ ಎಲ್‌ಪಿ, ಜಿಆರ್‌ಜಿ ನಾನ್‌ಲೀನಿಯರ್, ಎವಲ್ಯೂಷನರಿ. ನೀವು ಏನೂ ಆರಿಸದಿದ್ದರೆ ಜಿಆರ್‌ಜಿ ಇರುತ್ತದೆ, ನಿಮ್ಮಲ್ಲೂ ಅದೇ ಇದೆ. ಜಿಆರ್‌ಜಿ ಸೆಲ್‌ಗಳಲ್ಲಿ ಆಗ ಇರುವ ಅಂಕಿಗಳಿಂದ ಹೊರಡುತ್ತದೆ. ಎರಡು ಕಂಪ್ಯೂಟರ್‌ಗಳಲ್ಲಿ ಹಳೆಯ ಅಂಕಿಗಳು ಬೇರೆ, ಹಾಗಾಗಿ ನಿಲ್ಲುವ ಜಾಗವೂ ಬೇರೆ ಆಗಬಹುದು.

ನಿಮ್ಮ ಶೀಟಿನಲ್ಲಿ ಸಿಂಪ್ಲೆಕ್ಸ್ ಆರಿಸಿದರೆ 'ಲೀನಿಯರ್ ಅಲ್ಲ' ಅಂತ ದೂರುತ್ತದೆ. ಅದೂ ಸರಿಯೇ. ನೀವು ಪ್ರೋಟೀನ್ ಕೆಜಿಯನ್ನು ಒಟ್ಟು ಕೆಜಿಯಿಂದ ಭಾಗಿಸಿ, ಅದು 20% ಆಗಲಿ ಅಂತ ಬರೆದಿದ್ದೀರಿ. ಬದಲಾಗುವ ಸೆಲ್ಲುಗಳ ಮೊತ್ತದಿಂದ ಭಾಗಿಸಿದರೆ ಅದು ಲೀನಿಯರ್ ಆಗಿ ಉಳಿಯುವುದಿಲ್ಲ. ಭಾಗಾಕಾರ ತೆಗೆದುಬಿಡಿ. 'ಪ್ರೋಟೀನ್ ಕೆಜಿ, ಒಟ್ಟು ಕೆಜಿಯ 0.20 ಪಟ್ಟಿಗಿಂತ ಕಡಿಮೆ ಆಗಬಾರದು' ಅಂತ ಬರೆಯಿರಿ. ಅರ್ಥ ಅದೇ, ಗುಣಾಕಾರದಲ್ಲಿದೆ ಅಷ್ಟೇ. ಆಮೇಲೆ ಸಿಂಪ್ಲೆಕ್ಸ್ ಎಲ್‌ಪಿ ಆರಿಸಿ. ಎರಡೂ ಕಡೆ ಒಂದೇ ಖರ್ಚು ಬರುತ್ತದೆ. ಖರ್ಚು ಒಂದೇ ಇದ್ದು ಮಿಶ್ರಣ ಬೇರೆ ಬಂದರೆ, ಅಷ್ಟೇ ಅಗ್ಗದ ಎರಡು ಮಿಶ್ರಣಗಳಿವೆ ಅಂತ ಅರ್ಥ. ಅದು ದೋಷವಲ್ಲ. ಗೋದಾಮಿನಲ್ಲಿ ಯಾವ ಸರಕು ಜಾಸ್ತಿ ಇದೆಯೋ ನೋಡಿ ಆರಿಸಿಕೊಳ್ಳಿ. ಎಕ್ಸೆಲ್ ಸಾಲ್ವರ್‌ಗೆ 200 ಬದಲಾಗುವ ಸೆಲ್ಲುಗಳ ಮಿತಿ ಇದೆ, ನಿಮಗೆ ಅದು ಧಾರಾಳ ಸಾಕು. ಮುಂದೆ ಸಾಲದೆ ಹೋದರೆ ಓಪನ್‌ಸಾಲ್ವರ್ ಎಂಬ ಉಚಿತ ಜೋಡಣೆ ಇದೆ. ನ್ಯೂಜಿಲೆಂಡಿನ ಆಕ್‌ಲೆಂಡ್ ವಿಶ್ವವಿದ್ಯಾಲಯದವರು ಮಾಡಿದ್ದು, ಅದೇ ಶೀಟಿನ ಮೇಲೆ ಓಡುತ್ತದೆ.

ನೀವು ಕೇಳದೇ ಇದ್ದರೂ ಒಂದು ಮಾತು ಹೇಳಲೇಬೇಕು. ಮಿಶ್ರಣದ ಲೆಕ್ಕದಲ್ಲಿ ಜನ ನಿಜವಾಗಿ ಪೆಟ್ಟು ತಿನ್ನುವುದು ಇಲ್ಲಿಯೇ. ಸಾಲ್ವರ್ ಪ್ರೋಟೀನನ್ನು ಸರಿಯಾಗಿ 20.00ಕ್ಕೆ ತಂದು ನಿಲ್ಲಿಸುತ್ತದೆ. ಒಂದು ಗ್ರಾಂ ಜಾಸ್ತಿ ಕೊಡುವುದಿಲ್ಲ, ಅದರ ಕೆಲಸವೇ ಅದು. ಆದರೆ ಲಾರಿಯಿಂದ ಲಾರಿಗೆ ತೌಡಿನ ಪ್ರೋಟೀನ್ ಬದಲಾಗುತ್ತದೆ. ನೀವು 15 ಅಂದುಕೊಂಡದ್ದು ಒಮ್ಮೆ 14 ಇರುತ್ತದೆ, ಒಮ್ಮೆ 16. ಸರಾಸರಿ ಹಿಡಿದು ಅಂಚಿಗೆ ನಿಲ್ಲಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಚೀಲಗಳು ಚೀಲದ ಮೇಲೆ ಅಚ್ಚು ಹಾಕಿದ ಶೇ 20ಕ್ಕಿಂತ ಕೆಳಗೆ ಬರುತ್ತವೆ. ಹಾಗಾಗಿ ಗುರಿಯನ್ನು ಸ್ವಲ್ಪ ಮೇಲಿಡಿ.

ಎಷ್ಟು ಮೇಲೆ, ಅದಕ್ಕೆ ಖರ್ಚೆಷ್ಟು? ಅದನ್ನೂ ಸಾಲ್ವರ್ ಹೇಳುತ್ತದೆ. ಉತ್ತರ ಬಂದ ಮೇಲೆ ಸೆನ್ಸಿಟಿವಿಟಿ ರಿಪೋರ್ಟ್ ಕೇಳಿ, ಅದರಲ್ಲಿ ಶ್ಯಾಡೋ ಪ್ರೈಸ್ ಎಂಬ ಕಾಲಂ ಇದೆ, ಒಂದು ಷರತ್ತನ್ನು ಒಂದು ಅಂಕಿಯಷ್ಟು ಬದಲಿಸಿದರೆ ಖರ್ಚು ಎಷ್ಟು ಬದಲಾಗುತ್ತದೆ ಅಂತ ಅದು ಹೇಳುತ್ತದೆ. ಬಹಳ ಮಂದಿ ಅದನ್ನು ತೆರೆದೂ ನೋಡುವುದಿಲ್ಲ. ನನ್ನನ್ನು ಕೇಳಿದರೆ ಮಿಶ್ರಣಕ್ಕಿಂತ ಆ ಕಾಲಂಗೇ ಬೆಲೆ ಜಾಸ್ತಿ. ಮೇಲಿನ ಉದಾಹರಣೆಯಲ್ಲಿ ಪ್ರೋಟೀನ್ ಶೇ 20ರಿಂದ 21ಕ್ಕೆ ಏರಿಸಿದರೆ ಕ್ವಿಂಟಲ್‌ಗೆ ಸುಮಾರು 59 ರೂಪಾಯಿ ಜಾಸ್ತಿಯಾಗುತ್ತದೆ. ನಾರನ್ನು ಶೇ 10ರಿಂದ 11ಕ್ಕೆ ಬಿಟ್ಟುಕೊಟ್ಟರೆ ಸುಮಾರು 96 ರೂಪಾಯಿ ಉಳಿಯುತ್ತದೆ. ಅಂದರೆ 20.5ರ ಗುರಿ ಇಟ್ಟುಕೊಂಡರೆ 50 ಕೆಜಿಯ ಚೀಲಕ್ಕೆ ಹದಿನೈದು ರೂಪಾಯಿ ಹತ್ತಿರ ಬೀಳುತ್ತದೆ. ಪರೀಕ್ಷೆಯಲ್ಲಿ ಫೇಲಾದ ಚೀಲಗಳನ್ನು ವಾಪಸ್ ತರಿಸುವ ಖರ್ಚಿನ ಪಕ್ಕದಲ್ಲಿಟ್ಟು ನೋಡಿ, ನೀವೇ ತೀರ್ಮಾನ ಮಾಡಬಹುದು.

ಹುಡುಕುವುದು ಬೇರೆ, ಸಾಬೀತು ಮಾಡುವುದು ಬೇರೆ

ಲಾರಿಯ ಕಡೆ ಹೋಗುವ ಮೊದಲು ಒಂದು ಹಳೆಯ ಲೆಕ್ಕ. ಅದೂ ಆಹಾರದ್ದೇ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಒಂದು ಪ್ರಶ್ನೆ ಎತ್ತಿದರು. 77 ಆಹಾರ ಪದಾರ್ಥಗಳಿವೆ, ಒಬ್ಬ ಮನುಷ್ಯನಿಗೆ ಒಂಬತ್ತು ಪೋಷಕಾಂಶಗಳು ಬೇಕು. ವರ್ಷಕ್ಕೆ ಕನಿಷ್ಠ ಎಷ್ಟು ಖರ್ಚಾಗುತ್ತದೆ? ಆಗ ಇದಕ್ಕೆ ಸರಿಯಾದ ವಿಧಾನವೇ ಇರಲಿಲ್ಲ. ಅವರು ಜಾಣತನದಿಂದ ಅಂದಾಜು ಮಾಡಿ 39.93 ಡಾಲರ್ ಅಂದರು. 1947ರಲ್ಲಿ ಜಾರ್ಜ್ ಡಾಂಟ್ಸಿಗ್ ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದರು. ಮೂಲೆಯಿಂದ ಮೂಲೆಗೆ ನಡೆಯುತ್ತಾ, ಪ್ರತಿ ಹೆಜ್ಜೆಗೂ ಖರ್ಚು ಏರದಂತೆ ನೋಡಿಕೊಳ್ಳುವ ವಿಧಾನ ಅದು. ಅದೇ ವರ್ಷ ಒಂಬತ್ತು ಗುಮಾಸ್ತರು ಮೇಜಿನ ಮೇಲಿನ ಲೆಕ್ಕದ ಯಂತ್ರಗಳನ್ನಿಟ್ಟುಕೊಂಡು ಸ್ಟಿಗ್ಲರ್ ಲೆಕ್ಕವನ್ನು ಆ ವಿಧಾನದಲ್ಲಿ ಬಿಡಿಸಿದರು. 120 ಆಳು-ದಿನಗಳ ಕೆಲಸ. ಸರಿಯಾದ ಉತ್ತರ 39.69 ಡಾಲರ್.

ಅಂದಾಜಿಗೂ ಉತ್ತರಕ್ಕೂ ವ್ಯತ್ಯಾಸ 24 ಸೆಂಟ್, ಶೇ 1ಕ್ಕಿಂತ ಕಡಿಮೆ. ಅಂದರೆ ಅಂದಾಜು ಮೊದಲಿಂದಲೂ ಚೆನ್ನಾಗೇ ಇತ್ತು. ಅದು ಎಷ್ಟು ಚೆನ್ನಾಗಿದೆ ಅಂತ ಖಾತ್ರಿಯಾಗಿ ಹೇಳಲು 120 ಆಳು-ದಿನಗಳ ದುಡಿಮೆ ಬೇಕಾಯಿತು.

ನಿಮ್ಮ ಲಾರಿ ಲೆಕ್ಕದಲ್ಲಿ ಆಗುತ್ತಿರುವುದೂ ಇದೇ. ಮನೆಯಲ್ಲಿ ಕಳೆದುಹೋದ ಕೀಲಿಯನ್ನು ಹುಡುಕಿ ತೆಗೆಯುವುದು ಒಂದು ಕೆಲಸ. 'ಈ ಮನೆಯಲ್ಲಿ ಇನ್ನೊಂದು ಕೀಲಿ ಎಲ್ಲೂ ಇಲ್ಲ' ಅಂತ ಪ್ರಮಾಣ ಮಾಡಿ ಹೇಳುವುದು ಅದಕ್ಕಿಂತ ಎಷ್ಟೋ ದೊಡ್ಡ ಕೆಲಸ, ಪ್ರತಿ ಡಬ್ಬಿಯನ್ನೂ ತೆರೆಯಬೇಕು. ನಿಮ್ಮ ಲಾಗ್ ತೆಗೆದು ನೋಡಿ. 41,200 ರೂಪಾಯಿಯ ಪ್ಲಾನ್ ಮೊದಲ ಅರ್ಧ ಗಂಟೆಯಲ್ಲೇ ಸಿಕ್ಕಿದೆ. ಆಮೇಲೆ ಬೆಳಗಿನವರೆಗೆ ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಉಳಿದ ಹೊತ್ತೆಲ್ಲ ಹೋದದ್ದು ಸಾಬೀತು ಮಾಡುವುದಕ್ಕೆ.

ಗ್ಯಾಪ್ ಅಂದರೆ ಇಷ್ಟೇ. ಸಾಲ್ವರ್ ಎರಡು ಅಂಕಿಗಳನ್ನು ಹಿಡಿದುಕೊಂಡಿರುತ್ತದೆ. ಒಂದು, ಕೈಯಲ್ಲಿರುವ ಅತ್ಯುತ್ತಮ ಪ್ಲಾನ್: 41,200. ಇನ್ನೊಂದು, 'ಇದಕ್ಕಿಂತ ಕೆಳಗೆ ಯಾವ ಪ್ಲಾನೂ ಹೋಗಲಾರದು' ಎಂಬ ಗೆರೆ, ಅಂದರೆ ಬೌಂಡ್: 38,300. ಇವೆರಡರ ನಡುವಿನ ಅಂತರ ಶೇ 7. ನಿಮ್ಮ ಪ್ಲಾನ್ ಶೇ 7ರಷ್ಟು ತಪ್ಪು ಅಂತ ಅದರ ಅರ್ಥವಲ್ಲ. ಅತಿ ಕೆಟ್ಟ ಸ್ಥಿತಿಯಲ್ಲೂ ವಾರಕ್ಕೆ 2,900ಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತಿಲ್ಲ ಅಂತ ಅರ್ಥ. ನಿಜವಾದ ನಷ್ಟ ಸೊನ್ನೆಯೂ ಇರಬಹುದು. ಇಂಥ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಪ್ಲಾನ್ ಚೆನ್ನಾಗಿರುತ್ತದೆ, ಬೌಂಡ್ ದುರ್ಬಲವಾಗಿರುತ್ತದೆ. ನಿಮ್ಮದರಲ್ಲಿ ಬೌಂಡ್ ಯಾಕೆ ದುರ್ಬಲ ಎಂಬುದಕ್ಕೆ ನಿಮ್ಮ ಕೋಡಿನಲ್ಲೇ ಸಾಕ್ಷಿ ಇದೆ.

ಎಂಬತ್ತು ಪೈಸೆಯ ಲಾರಿ

ಪೂರ್ಣಸಂಖ್ಯೆಯ ಲೆಕ್ಕವನ್ನು ಸಾಲ್ವರ್ ಬಿಡಿಸುವುದು ಬ್ರಾಂಚ್ ಅಂಡ್ ಬೌಂಡ್ ಎಂಬ ವಿಧಾನದಲ್ಲಿ. 1960ರಲ್ಲಿ ಐಲ್ಸಾ ಲ್ಯಾಂಡ್ ಮತ್ತು ಅಲಿಸನ್ ಡಾಯ್ಗ್ ಎಂಬ ಇಬ್ಬರು ಮಹಿಳೆಯರು ಬರೆದದ್ದು. ಮೊದಲು ಪೂರ್ಣಸಂಖ್ಯೆಯ ಷರತ್ತನ್ನು ಸಡಿಲಿಸಿ, ಅರ್ಧ ಲಾರಿ, ಕಾಲು ಲಾರಿಯನ್ನೂ ಒಪ್ಪಿಕೊಂಡು ಬಿಡಿಸುತ್ತದೆ. ಆಗ ಬರುವ ಖರ್ಚೇ ಬೌಂಡ್. ಆಮೇಲೆ 'ಈ ಲಾರಿ ಹೋಗುತ್ತದೆ', 'ಹೋಗುವುದಿಲ್ಲ' ಅಂತ ಎರಡು ಕವಲು ಮಾಡಿ ಒಂದೊಂದನ್ನೂ ಬಿಡಿಸುತ್ತದೆ. ಬೌಂಡ್ ನೋಡಿದಾಗಲೇ ಕೈಯಲ್ಲಿರುವ ಪ್ಲಾನ್‌ಗಿಂತ ದುಬಾರಿ ಅಂತ ಗೊತ್ತಾದರೆ ಆ ಕವಲನ್ನು ಕತ್ತರಿಸಿ ಬಿಸಾಡುತ್ತದೆ. ಬೌಂಡ್ ಗಟ್ಟಿಯಾಗಿದ್ದರೆ ಬೇಗ ಕತ್ತರಿಸಬಹುದು. ದುರ್ಬಲವಾಗಿದ್ದರೆ ಎಲ್ಲ ಕವಲುಗಳಲ್ಲೂ ಕೊನೆಯವರೆಗೆ ಇಳಿಯಬೇಕು.

ನಿಮ್ಮ ಕೋಡಿನಲ್ಲಿ ಹೀಗೊಂದು ಸಾಲಿದೆ: ಲಾರಿಯಲ್ಲಿರುವ ಚೀಲಗಳ ಸಂಖ್ಯೆ, 10,00,000 ಗುಣಿಸು 'ಲಾರಿ ಹೋಗುತ್ತದಾ' ಎಂಬುದಕ್ಕಿಂತ ಜಾಸ್ತಿ ಇರಬಾರದು. ಉದ್ದೇಶ ಸರಿಯಿದೆ. ಲಾರಿ ಹೋಗದಿದ್ದರೆ ಬಲಗಡೆ ಸೊನ್ನೆ, ಹಾಗಾಗಿ ಚೀಲವೂ ಸೊನ್ನೆ. ಲಾರಿಯ ಸಾಮರ್ಥ್ಯ 200 ಚೀಲ ಅಂತ ಬೇರೆ ಸಾಲಿನಲ್ಲಿ ಬರೆದಾಗಿದೆ, ಇಲ್ಲಿ ದೊಡ್ಡದೊಂದು ಅಂಕಿ ಇದ್ದರೆ ಸಾಕು ಅಂತ ಹುಡುಗ ಹತ್ತು ಲಕ್ಷ ಹಾಕಿದ್ದಾನೆ. ಈ ಅಭ್ಯಾಸಕ್ಕೆ ಈ ಕ್ಷೇತ್ರದವರು ಬಿಗ್-ಎಂ ಅನ್ನುತ್ತಾರೆ. ಪಠ್ಯಪುಸ್ತಕಗಳಲ್ಲೂ ಹೀಗೇ ಇರುತ್ತದೆ, ಅವನ ತಪ್ಪೇನಿಲ್ಲ.

ಈಗ ಸಾಲ್ವರ್ ಕಣ್ಣಿನಿಂದ ನೋಡಿ. ಅರ್ಧ, ಕಾಲು ಲಾರಿ ನಡೆಯುತ್ತದೆ ಅಂದಾಗ, 200 ಚೀಲ ಕಳಿಸಲು ಎಷ್ಟು ಲಾರಿ ಬೇಕು? 200 ಭಾಗಿಸು ಹತ್ತು ಲಕ್ಷ, ಅಂದರೆ 0.0002 ಲಾರಿ. ಬಾಡಿಗೆ 4,000 ರೂಪಾಯಿ. ಅದರ 0.0002 ಭಾಗ ಎಂಬತ್ತು ಪೈಸೆ! ತುಂಬಿದ ಲಾರಿ ಎಂಬತ್ತು ಪೈಸೆಗೆ ಸಿಗುತ್ತದೆ ಅಂತ ಸಾಲ್ವರ್ ನಂಬಿಕೊಂಡು ಕೂತಿದೆ. ಬೌಂಡ್ ಮೇಲೇಳುವುದಾದರೂ ಹೇಗೆ? ಹತ್ತು ಲಕ್ಷದ ಜಾಗದಲ್ಲಿ 200 ಅಂತ ಬರೆಯಿರಿ. ಆಗ 150 ಚೀಲಕ್ಕೆ ಮುಕ್ಕಾಲು ಲಾರಿ, ಮೂರು ಸಾವಿರ ರೂಪಾಯಿ. ವಾಸ್ತವಕ್ಕೆ ಹತ್ತಿರ ಬಂತು.

ಇದರಲ್ಲಿ ಇನ್ನೊಂದು ಅಪಾಯವೂ ಇದೆ, ನಿಧಾನಕ್ಕಿಂತ ಕೆಟ್ಟದ್ದು. ಸಾಲ್ವರ್‌ಗಳು ಸೀಮಿತ ನಿಖರತೆಯಲ್ಲಿ ಲೆಕ್ಕ ಮಾಡುವುದರಿಂದ ಸೊನ್ನೆಗೆ ತೀರಾ ಹತ್ತಿರದ ಅಂಕಿಯನ್ನು ಸೊನ್ನೆಯೇ ಅಂತ ಒಪ್ಪಿಕೊಳ್ಳುತ್ತವೆ. ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಸಡಿಲ ಸಾಮಾನ್ಯ. ಅದನ್ನು ಹತ್ತು ಲಕ್ಷದಿಂದ ಗುಣಿಸಿದರೆ ಒಂದು. ಅಂದರೆ ಲಾರಿ ಹೋಗುವುದಿಲ್ಲ ಅಂತ ಬರೆದಿದ್ದರೂ ಒಂದು ಚೀಲ ಹೋಗಿಬಿಡಬಹುದು. ಎಂದಾದರೂ ಪ್ಲಾನಿನಲ್ಲಿ ಲಾರಿ ಇಲ್ಲದ ಚೀಲ ಕಂಡಿದ್ದರೆ ಅದು ಇಲ್ಲಿಂದ ಬಂದದ್ದು.

ಇನ್ನೊಂದು ತೊಡಕು, ಒಂದೇ ಥರದ ಲಾರಿಗಳು. ನಿಮ್ಮ ಕೋಡಿನಲ್ಲಿರುವ ನಾಲ್ಕೂ 200 ಚೀಲದವು, ನಾಲ್ಕಕ್ಕೂ ಅದೇ ಬಾಡಿಗೆ. ನಿಮಗೆ ಯಾವ ಲಾರಿ ಹಾವೇರಿ ಕಡೆ ಹೋದರೂ ಒಂದೇ. ಸಾಲ್ವರ್‌ಗೆ ಮಾತ್ರ 'ಒಂದನೇ ಲಾರಿ ಹಾವೇರಿಗೆ, ಎರಡನೆಯದು ಹರಿಹರಕ್ಕೆ' ಒಂದು ಪ್ಲಾನ್, 'ಎರಡನೆಯದು ಹಾವೇರಿಗೆ, ಒಂದನೆಯದು ಹರಿಹರಕ್ಕೆ' ಇನ್ನೊಂದು. ನಾಲ್ಕು ಲಾರಿಯ ಹೆಸರು ಅದಲುಬದಲು ಮಾಡಿದರೆ ಪ್ರತಿ ಪ್ಲಾನಿಗೂ 24 ಅವತಾರ. ಒಂದನ್ನು ಕತ್ತರಿಸಿದರೆ ಉಳಿದ 23 ಇನ್ನೆಲ್ಲೋ ತಲೆ ಎತ್ತುತ್ತವೆ. ಲಾರಿಗಳಿಗೆ ನಂಬರ್ ಕೊಡುವುದನ್ನೇ ಬಿಡಿ. 'ಈ ಊರಿನಿಂದ ಆ ಊರಿಗೆ ಯಾವುದಾದರೂ ಒಂದು ಲಾರಿ ಹೋಗುತ್ತದಾ' ಎಂದಷ್ಟೇ ಕೇಳಿ. ಮಿಲ್ ಸೇರಿ 43 ಜಾಗಗಳು, ಒಂದೊಂದರಿಂದ ಉಳಿದ 42ಕ್ಕೂ ದಾರಿ. ಈಗ ಆ ದಾರಿಗಳಿಗೇ 7,224 ಹೌದು-ಇಲ್ಲ ಪ್ರಶ್ನೆಗಳಿವೆ. ನಂಬರ್ ತೆಗೆದರೆ 1,806ಕ್ಕೆ ಇಳಿಯುತ್ತವೆ.

ಜೊತೆಗೆ ಒಂದು ಸಾಲು ಸೇರಿಸಿ. ನೀವು ಕಳಿಸಿದ ವಾರದಲ್ಲಿ ಒಟ್ಟು 690 ಚೀಲ. 200ರಿಂದ ಭಾಗಿಸಿದರೆ 3.45. ನಾಲ್ಕು ಲಾರಿ ಬೇಕೇ ಬೇಕು ಅಂತ ನಮಗೆ ತಕ್ಷಣ ಹೊಳೆಯುತ್ತದೆ. ಸಡಿಲಿಸಿದ ಲೆಕ್ಕದಲ್ಲಿ ಸಾಲ್ವರ್ 3.45ಕ್ಕೇ ತೃಪ್ತಿಪಡುತ್ತದೆ. 'ಮಿಲ್‌ನಿಂದ ಕನಿಷ್ಠ ನಾಲ್ಕು ಲಾರಿ ಹೊರಡಬೇಕು' ಅಂತ ನೀವೇ ಹೇಳಿಬಿಟ್ಟರೆ ಬೌಂಡ್ ಗಟ್ಟಿಯಾಗುತ್ತದೆ.

ಸಾಧ್ಯತೆಗಳು ಕೋಟಿಗಟ್ಟಲೆ ಇರುವುದೇ ಕಷ್ಟಕ್ಕೆ ಕಾರಣ ಅಂತ ಬಹಳ ಜನ ಹೇಳುತ್ತಾರೆ. ಹತ್ತು ಡೀಲರ್‌ಗಳಿಗೆ 36,28,800 ಕ್ರಮಗಳು, ಹದಿನೈದಕ್ಕೆ 1.3 ಲಕ್ಷ ಕೋಟಿ, ನಿಜ. ಆದರೆ ಆ ಸಂಖ್ಯೆಯೊಂದೇ ಏನನ್ನೂ ಹೇಳುವುದಿಲ್ಲ. ಒಬ್ಬ ಮಾರಾಟಗಾರ ಎಲ್ಲ ಊರುಗಳಿಗೂ ಒಮ್ಮೊಮ್ಮೆ ಹೋಗಿಬರುವ ಲೆಕ್ಕವನ್ನು 85,900 ಜಾಗಗಳಿಗೆ 2006ರಲ್ಲೇ ಬಿಡಿಸಿ, ಅದೇ ಅತ್ಯುತ್ತಮ ಅಂತ ಸಾಬೀತೂ ಮಾಡಿದ್ದಾರೆ. ಎಲ್ಲವನ್ನೂ ಎಣಿಸಿ ಅಲ್ಲ, ಬೌಂಡನ್ನು ಗಟ್ಟಿ ಮಾಡಿ. ನಿಮ್ಮದರಲ್ಲಿ ಹಲವು ಲಾರಿ, ಸಾಮರ್ಥ್ಯದ ಮಿತಿ ಎಲ್ಲ ಸೇರಿರುವುದರಿಂದ ಬೌಂಡ್ ಗಟ್ಟಿ ಮಾಡುವುದು ಇನ್ನೂ ಕಷ್ಟ. 42 ಡೀಲರ್‌ಗಳ ಗ್ಯಾಪ್ ಸಾಮಾನ್ಯ ಸಾಲ್ವರ್‌ನಲ್ಲಿ ಸೊನ್ನೆಗೆ ಇಳಿಯುತ್ತದೆ ಅಂತ ನಾನು ಮಾತು ಕೊಡಲಾರೆ. ಮೇಲಿನ ಬದಲಾವಣೆಗಳಿಂದ ಕಡಿಮೆಯಂತೂ ಆಗಬೇಕು.

ಮುಂದಿನ ದಾರಿಗಳು

ಮೊದಲ ದಾರಿ, ಇದೇ ಕೋಡನ್ನು ತಿದ್ದಿ, ಒಳಗಿನ ಸಾಲ್ವರ್ ಮಾತ್ರ ಬದಲಿಸುವುದು. ಪಲ್ಪ್ ಎಂಬುದು ಸಾಲ್ವರ್ ಅಲ್ಲ, ಲೆಕ್ಕ ಬರೆಯುವ ಭಾಷೆಯಷ್ಟೇ. ಅದರೊಳಗೆ ನಿಮ್ಮಲ್ಲಿ ಓಡುತ್ತಿರುವುದು ಸಿಬಿಸಿ, ಹಳೆಯ ಉಚಿತ ಸಾಲ್ವರ್. ಹೈಸ್ (HiGHS) ಅಂತ ಎಡಿನ್‌ಬರೋ ವಿಶ್ವವಿದ್ಯಾಲಯದಿಂದ ಬಂದ ಇನ್ನೊಂದಿದೆ. ಅದೂ ಉಚಿತ, ವ್ಯಾಪಾರಕ್ಕೂ ಬಳಸಬಹುದು, ಪಲ್ಪ್‌ನಿಂದಲೇ ಕರೆಯಬಹುದು. ಬರ್ಲಿನ್‌ನ ಎಸ್‌ಸಿಐಪಿ ಕೂಡ 2022ರಿಂದ ಎಲ್ಲರಿಗೂ ಮುಕ್ತವಾಗಿದೆ. ಎರಡನ್ನೂ ಓಡಿಸಿ ನೋಡಿ. ಸಮಯದ ಮಿತಿ ಹತ್ತು ನಿಮಿಷ, ಗ್ಯಾಪ್ ಶೇ 2 ಆದರೆ ನಿಲ್ಲಿಸು ಅಂತ ಹೇಳಿ. ನಿಮ್ಮ ಡೀಸೆಲ್ ಅಂದಾಜು, ಡೀಲರ್ ಅಂಗಡಿಯ ಮುಂದೆ ಲಾರಿ ಕಾಯುವ ಹೊತ್ತು, ಇವೇ ಅದಕ್ಕಿಂತ ಜಾಸ್ತಿ ಏರುಪೇರಾಗುತ್ತವೆ. ಅದಕ್ಕಿಂತ ಸಣ್ಣ ಗ್ಯಾಪ್‌ಗಾಗಿ ರಾತ್ರಿಯಿಡೀ ಕರೆಂಟ್ ಸುಡುವುದರಲ್ಲಿ ಅರ್ಥವಿಲ್ಲ.

ಪಲ್ಪ್‌ನಲ್ಲಿ ಒಂದು ಬಲೆ ಇದೆ, ಹುಷಾರು. ಸಿಬಿಸಿ ಸಮಯ ಮುಗಿದು ನಿಂತಾಗಲೂ, ಕೈಯಲ್ಲಿ ಒಂದು ಪ್ಲಾನ್ ಇದ್ದರೆ, ಪಲ್ಪ್‌ನ ಸ್ಟೇಟಸ್ 'ಆಪ್ಟಿಮಲ್' ಅಂತಲೇ ತೋರಿಸಬಹುದು. ಆ ಒಂದು ಪದ ನೋಡಿ ನಂಬಬೇಡಿ. ಲಾಗ್‌ನಲ್ಲಿ ಗ್ಯಾಪ್ ಎಷ್ಟಿದೆ ನೋಡಿ.

ಎರಡನೇ ದಾರಿ, ಲಾರಿ ಲೆಕ್ಕಕ್ಕೆಂದೇ ಮಾಡಿದ ಉಪಕರಣ. ಗೂಗಲ್‌ನ ಓಆರ್-ಟೂಲ್ಸ್‌ನಲ್ಲಿ ರೂಟಿಂಗ್ ವಿಭಾಗವಿದೆ. ವ್ರೂಮ್, ಪೈವಿಆರ್‌ಪಿ ಕೂಡ ಇವೆ, ಎಲ್ಲವೂ ಉಚಿತ. ಇವು ಒಂದು ಪ್ಲಾನ್ ಹಿಡಿದು, ಡೀಲರ್‌ಗಳನ್ನು ಅದಲುಬದಲು ಮಾಡುತ್ತಾ ಉತ್ತಮಪಡಿಸುತ್ತವೆ. 42 ಡೀಲರ್ ಇವಕ್ಕೆ ಸಣ್ಣ ಲೆಕ್ಕ. ಒಂದೆರಡು ನಿಮಿಷದಲ್ಲಿ ಒಳ್ಳೆಯ ಪ್ಲಾನ್ ಸಿಗುತ್ತದೆ. ಮಧ್ಯಾಹ್ನ ಎರಡು ಗಂಟೆಯ ನಂತರ ಚೀಲ ಇಳಿಸಿಕೊಳ್ಳದ ಡೀಲರ್, ದೊಡ್ಡ ಲಾರಿ ಹೋಗದ ಓಣಿ, ಇಂಥ ಷರತ್ತುಗಳನ್ನೂ ಸುಲಭವಾಗಿ ಹೇಳಬಹುದು. ಕೊರತೆ ಒಂದೇ. ಇವು ಬೌಂಡ್ ಕೊಡುವುದಿಲ್ಲ, ಹಾಗಾಗಿ ಗ್ಯಾಪ್ ಇಲ್ಲ. ಇನ್ನೂ ಒಳ್ಳೆಯದು ಇದೆಯಾ ಎಂದರೆ ಉತ್ತರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ವಾರದ ಕೆಲಸಕ್ಕೆ ಇದನ್ನೇ ಬಳಸುತ್ತಿದ್ದೆ. ಮೊದಲ ದಾರಿಯ ಬೌಂಡನ್ನು ಆಗಾಗ ಪಕ್ಕದಲ್ಲಿಟ್ಟು ತಾಳೆ ನೋಡುತ್ತಿದ್ದೆ.

ಮೂರನೆಯದು ದುಡ್ಡು ಕೊಡುವ ದಾರಿ. ಗುರೋಬಿ, ಸಿಪ್ಲೆಕ್ಸ್, ಎಕ್ಸ್‌ಪ್ರೆಸ್ ಇವೆಲ್ಲ ನಿಜಕ್ಕೂ ಅದ್ಭುತ ಸಾಲ್ವರ್‌ಗಳು, ಕಷ್ಟದ ಲೆಕ್ಕಗಳಲ್ಲಿ ಉಚಿತದವುಗಳಿಗಿಂತ ಎಷ್ಟೋ ವೇಗ. ಸಿಪ್ಲೆಕ್ಸ್ ಕಟ್ಟಿದ ರಾಬರ್ಟ್ ಬಿಕ್ಸ್‌ಬಿ 1988ರಿಂದ 2004ರವರೆಗಿನ ಲೀನಿಯರ್ ಲೆಕ್ಕಗಳನ್ನು ಹೋಲಿಸಿದಾಗ ಯಂತ್ರಗಳು ಸುಮಾರು 1,600 ಪಟ್ಟು, ವಿಧಾನಗಳು ಸುಮಾರು 3,300 ಪಟ್ಟು ವೇಗವಾಗಿದ್ದವು. ಕಂಪ್ಯೂಟರ್‌ಗಿಂತ ಗಣಿತವೇ ಜಾಸ್ತಿ ಓಡಿತ್ತು. ಅದರಲ್ಲಿ ಗ್ವಾಲಿಯರ್‌ನಲ್ಲಿ ಹುಟ್ಟಿ, ಮುಂಬೈ ಐಐಟಿಯಲ್ಲಿ ಓದಿದ ನರೇಂದ್ರ ಕರ್ಮಾರ್ಕರ್ ಅವರ 1984ರ ಕೆಲಸಕ್ಕೂ ಪಾಲಿದೆ. ಮೂಲೆಯಿಂದ ಮೂಲೆಗೆ ನಡೆಯುವ ಬದಲು ಅವರು ಒಳಗಿನಿಂದಲೇ ದಾರಿ ಮಾಡಿಕೊಂಡರು. ಸಾಲ್ವರ್ ಲಾಗ್‌ನಲ್ಲಿ 'ಬ್ಯಾರಿಯರ್' ಅಂತ ಕಂಡರೆ ಅದು ಆ ವಂಶದ್ದು.

ಆದರೆ ನಿಮಗೆ ಬೇಕಾ? ಕೊಳ್ಳುವ ಮೊದಲು ಪರೀಕ್ಷೆ ಮಾಡಿ ನೋಡಬಹುದು. ಪೈಥಾನ್ ಜೊತೆ ಬರುವ ಗುರೋಬಿಯ ಸೀಮಿತ ಲೈಸೆನ್ಸ್‌ನಲ್ಲಿ 2,000 ಚರಾಂಶ (ಸಾಲ್ವರ್ ನಿರ್ಧರಿಸಬೇಕಾದ ಅಂಕಿ), 2,000 ಷರತ್ತುಗಳ ಮಿತಿ ಇದೆ. ಲಾರಿ ನಂಬರ್ ಇದ್ದಾಗ ನಿಮ್ಮ ಲೆಕ್ಕ ಅದರಲ್ಲಿ ಹಿಡಿಯುವುದಿಲ್ಲ. ನಂಬರ್ ತೆಗೆದು ಬರೆದರೆ ಹಿಡಿಯಬಹುದು. ಓಡಿಸಿ ನೋಡಿ. ವಾರಕ್ಕೆ ಉಳಿಯುವುದು ಎಷ್ಟು ಅಂತ ಕಣ್ಣಿಗೆ ಕಂಡ ಮೇಲೆ ಲೈಸೆನ್ಸ್ ದರ ಕೇಳಿ. ಎಷ್ಟೇ ಆದರೂ ವಾರಕ್ಕೆ 2,900ಕ್ಕಿಂತ ಜಾಸ್ತಿ ಉಳಿಯುವುದು ಸಾಧ್ಯವಿಲ್ಲ ಅಂತ ನಿಮ್ಮ ಲಾಗೇ ಹೇಳಿದೆ, ನೆನಪಿರಲಿ.

ಎಐ ತಂತ್ರಾಂಶ ಮಾರಲು ಬಂದವರ ಬಗ್ಗೆ. ಆ ಹೆಸರಿನ ಒಳಗೆ ಏನಿದೆ ಅಂತ ನನಗೆ ಕಾಣುವುದಿಲ್ಲ. ಒಳ್ಳೆಯದೂ ಇರಬಹುದು. ಇದೇ ಉಚಿತ ಸಾಲ್ವರ್‌ಗೆ ಚೆಂದದ ಪರದೆ ಹಾಕಿ ಮಾರುವವರೂ ಇದ್ದಾರೆ, ಪರದೆಗೂ ಒಂದು ಬೆಲೆ ಇದೆ, ಇಲ್ಲವೆನ್ನಲಾರೆ. ಹಿಂದಿನ ಮೂರು ವಾರಗಳ ಆರ್ಡರ್ ಕೊಟ್ಟು ಪ್ಲಾನ್ ಮಾಡಿಕೊಡಿ ಅನ್ನಿ. ಅದರಲ್ಲಿ ನೀವು ಲಾಗ್ ಕಳಿಸಿದ ವಾರವೂ ಇರಲಿ, ಆ ವಾರದ್ದನ್ನು ನಿಮ್ಮ 41,200ರ ಪಕ್ಕದಲ್ಲಿಟ್ಟು ನೋಡಿ. ಆ ವಾರದ ಅವರ ಪ್ಲಾನ್ 38,300ಕ್ಕಿಂತ ಕೆಳಗೆ ಬಂದರೆ ಖುಷಿಪಡಬೇಡಿ, ಯಾವುದೋ ಷರತ್ತನ್ನು ಮುರಿದಿದ್ದಾರೆ. ಒಂದು ವಾರದ ಆರ್ಡರನ್ನು ಬೇಕೆಂದೇ 900 ಚೀಲ ಮಾಡಿ ಕೊಡಿ. ನಾಲ್ಕು ಲಾರಿಯಲ್ಲಿ ಹಿಡಿಯುವುದಿಲ್ಲ, ಅಲ್ವಾ? ಆಗ ತಂತ್ರಾಂಶ ಏನು ಮಾಡುತ್ತದೆ? ಸುಮ್ನೆ ನೂರು ಚೀಲ ಬಿಟ್ಟುಬಿಡುತ್ತದಾ, 'ಆಗುವುದಿಲ್ಲ' ಅಂತ ಕೈಚೆಲ್ಲುತ್ತದಾ, ಯಾವ ಡೀಲರ್‌ನನ್ನು ಮುಂದಿನ ವಾರಕ್ಕೆ ತಳ್ಳಿದರೆ ವಾಸಿ ಅಂತ ಹೇಳುತ್ತದಾ? ಕೊನೆಯದನ್ನು ಮಾಡುವುದಾದರೆ ಮಾತು ಮುಂದುವರಿಸಿ.

ಚಾಟ್‌ಬಾಟ್‌ಗಳಿಂದ ಕೋಡ್ ಬರೆಸುವುದಕ್ಕೆ ನನ್ನ ಅಭ್ಯಂತರವಿಲ್ಲ, ಚೆನ್ನಾಗಿಯೇ ಬರೆಯುತ್ತವೆ. ಕೈಯಲ್ಲಿ ತಾಳೆ ನೋಡಬಹುದಾದ ಮೂರು ನಾಲ್ಕು ಡೀಲರ್‌ಗಳ ಲೆಕ್ಕ ಕೊಟ್ಟು ಪರೀಕ್ಷಿಸಿ. ಷರತ್ತಿನ ಚಿಹ್ನೆ ತಿರುಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಜೆನೆಟಿಕ್ ಅಲ್ಗಾರಿದಮ್ ಅಂತ ಯಾರಾದರೂ ಮಿಶ್ರಣಕ್ಕೆ ಸೂಚಿಸಿದರೆ ಬೇಡ ಅನ್ನಿ. ಸಿಂಪ್ಲೆಕ್ಸ್ ಕ್ಷಣದಲ್ಲಿ ಸಾಬೀತು ಸಮೇತ ಕೊಡುವುದನ್ನು ಅದು ಸುತ್ತಿ ಬಳಸಿ ಅಂದಾಜಿನಲ್ಲಿ ಕೊಡುತ್ತದೆ. ಕ್ವಾಂಟಂ ಕಂಪ್ಯೂಟರ್‌ನಿಂದ ನಿಮ್ಮ ಲಾರಿಗಳಿಗೆ ಸದ್ಯಕ್ಕೆ ಏನೂ ಪ್ರಯೋಜನವಿಲ್ಲ.

ಇನ್ನು ಕಾಲೇಜಿನ ಲೈಸೆನ್ಸ್. ಅದನ್ನು ಮಿಲ್ಲಿನ ಕೆಲಸಕ್ಕೆ ಬಳಸಬೇಡಿ. ಆ ಉಚಿತ ಲೈಸೆನ್ಸ್‌ಗಳು ಓದಿಗೆ, ಸಂಶೋಧನೆಗೆ ಮಾತ್ರ, ವ್ಯಾಪಾರಕ್ಕೆ ಬಳಸಿದರೆ ಕರಾರು ಮುರಿದಂತೆ. ಸಿಕ್ಕಿಬಿದ್ದರೆ ತೊಂದರೆ ಆ ಹುಡುಗನಿಗೆ, ಅವನ ಕಾಲೇಜಿಗೆ. ಅವನಿಗೆ ಆಸಕ್ತಿ ಇದ್ದರೆ ಇದನ್ನೇ ಪ್ರಾಜೆಕ್ಟ್ ಆಗಿ ಮಾಡಬಹುದಾ ಅಂತ ಅವನ ಗೈಡ್ ಹತ್ತಿರ ಕೇಳಲಿ. ಅದಕ್ಕೂ ಮೊದಲು ಹತ್ತು ಲಕ್ಷ ಇರುವ ಸಾಲನ್ನು 200 ಮಾಡಿ, ಲಾರಿ ನಂಬರ್ ತೆಗೆದು, ಹೈಸ್‌ನಲ್ಲಿ ಹತ್ತು ನಿಮಿಷ ಓಡಿಸಿದ ಹೊಸ ಲಾಗ್ ಕಳಿಸಿ. ಬೌಂಡ್ ಎಲ್ಲಿಗೆ ಬಂದು ನಿಂತಿದೆ ನೋಡೋಣ.